ಪಾದಪವೂ ಪಾದಚಾರಿಯೂ

ಮರಕ್ಕೆ ಸಂಸ್ಕೃತದಲ್ಲಿ ಪಾದಪವೆಂದು ಒಂದು ಹೆಸರು. ಪಾದದಿಂದ ಕುಡಿಯುವಂಥದು ಎಂದು ಅದರ ಅರ್ಥ. ಬೀದಿಯ ಬದಿಯಲ್ಲಿ ನಡೆದುಹೋಗುವವನಿಗೆ ಈಗಿನ ಸರಕಾರಿ ಕಡತಗಳು ಕೊಟ್ಟಿರುವ ಹೆಸರು ಪಾದಚಾರಿ. ಒಂದು ಪಾದದಿಂದ ಕುಡಿಯುತ್ತದೆ, ಇನ್ನೊಬ್ಬನು ಪಾದದಿಂದ ನಡೆಯುತ್ತಾನೆ; ಇಬ್ಬರಿಗೂ ಬೇಕಾದುದು ಬೀದಿಯಂಚಿನ ಅದೇ ನಾಲ್ಕಾರು ಅಡಿ ನೆಲ. ಈ ನೆಲಕ್ಕಾಗಿ ಇಬ್ಬರ ನಡುವೆ ವ್ಯಾಜ್ಯವುಂಟೆಂದೂ, ವ್ಯಾಜ್ಯದಲ್ಲಿ ಮರವೇ ಅತಿಕ್ರಮಣ ಮಾಡಿದ ಪಕ್ಷವೆಂದೂ ಈಚೆಗೆ ಊರೂರುಗಳಲ್ಲಿ ತೀರ್ಪಾಗುತ್ತಿದೆ. ಕಾಲುಹಾದಿಯ ಚಪ್ಪಡಿ ಮೇಲಕ್ಕೆದ್ದಿತು. ಅಡಿಯಲ್ಲಿ ನೋಡಿದರೆ ಬೇರು. ಆದಕಾರಣ ಬೇರು ಅಪರಾಧಿ. ಆದಕಾರಣ ಮರಕ್ಕೆ ಗರಗಸ. ತರ್ಕಸಂಗ್ರಹವನ್ನು ಓದಲು ತೊಡಗಿದ ಬಾಲಕನು ಇಂತಹ ಅನುಮಾನವನ್ನು ಒಪ್ಪಿಸಿದ್ದರೆ ಗುರುಗಳು ಬೆತ್ತ ತೆಗೆದುಕೊಳ್ಳುತ್ತಿದ್ದರು. ಪೌರಾಡಳಿತದಲ್ಲಿ ಅದೇ ಅನುಮಾನಕ್ಕೆ ಮಂಜೂರಾತಿ ದೊರೆಯುತ್ತದೆ.

ಹೊಸಪೇಟೆಯಿಂದ ಸ್ವಾಮಿಹಳ್ಳಿಗೆ ಹೋಗುವ ರೈಲುದಾರಿಯ ಮೇಲಿರುವ ಯಶವಂತನಗರದಂತಹ ಚಿಕ್ಕ ಊರುಗಳಿಗೆ ಈ ವಿಚಾರ ಈಗಲೇ ಅವಶ್ಯ. ದೊಡ್ಡ ಪಟ್ಟಣಗಳು ತಮ್ಮ ಬೀದಿಗಳನ್ನು ಗೋಡೆಯಿಂದ ಗೋಡೆಗೆ ಸಿಮೆಂಟಿನಲ್ಲಿ ಮುಚ್ಚಿ ಆಗಿದೆ. ಚಿಕ್ಕ ಊರುಗಳು ಈಗ ಅದೇ ಪಾಠವನ್ನು ಕಲಿಯಲು ಆತುರಪಡುತ್ತಿವೆ. ಸಂಡೂರು ಸೀಮೆಯ ಗುಡ್ಡಗಳ ತಪ್ಪಲಿನಲ್ಲಿ ನೆಲವಿನ್ನೂ ಮಣ್ಣಾಗಿಯೇ ಉಳಿದಿರುವ ಬೀದಿಗಳುಂಟು; ಬೇವು, ಹೊಂಗೆ, ಹುಣಸೆಗಳು ಅಲ್ಲಿ ಯಾರಿಗೂ ಕೇಡು ಮಾಡದೆ ನಿಂತಿವೆ. ಕಲ್ಲು ಹಾಸುವ ಕೆಲಸ ಅಲ್ಲಿಗೆ ಬಂದ ಮೇಲೆ ಅವು ಎಷ್ಟು ವರ್ಷ ನಿಂತಾವು ಎಂಬುದೇ ಪ್ರಶ್ನೆ.

ಪೂರ್ವಪಕ್ಷವನ್ನು ಅದರ ಪೂರ್ಣಬಲದೊಡನೆ ಮಂಡಿಸದೆ ಖಂಡನೆಗೆ ಹೊರಡುವುದು ಶಾಸ್ತ್ರಸಮ್ಮತವಲ್ಲ. ಮರವನ್ನು ದೂರುವವರೆಲ್ಲ ದುಷ್ಟರಲ್ಲ. ಎದ್ದ ಚಪ್ಪಡಿಗೆ ಎಡವಿ ಬಿದ್ದ ಎಪ್ಪತ್ತರ ವೃದ್ಧೆಗೆ ಸೊಂಟದ ಮೂಳೆ ಮುರಿದರೆ ಆಕೆ ಮರಳಿ ಎದ್ದು ನಡೆಯುವ ಭರವಸೆ ಕಡಿಮೆ. ಕಣ್ಣಿಲ್ಲದವರ ಕೋಲಿಗೆ ನಿನ್ನೆ ಸಮವಾಗಿದ್ದ ನೆಲ ಇಂದು ಮೆಟ್ಟಿಲಾದರೆ ಅವರು ಯಾವ ದಾರಿ ಹಿಡಿಯಬೇಕು? ಗಾಲಿಕುರ್ಚಿಯಲ್ಲಿ ಕುಳಿತವರಿಗೆ ಎರಡಂಗುಲದ ಏರು ಗೋಡೆಗೆ ಸಮಾನ. ಅದಿರಿನ ಲಾರಿಗಳು ಧೂಳೆಬ್ಬಿಸಿಕೊಂಡು ಓಡಾಡುವ ಈ ಪ್ರಾಂತದಲ್ಲಿ ಶಾಲೆಯ ಮಗು ಕಾಲುಹಾದಿಯನ್ನು ಬಿಟ್ಟು ರಸ್ತೆಗಿಳಿಯುವುದೆಂದರೆ ಪ್ರಾಣವನ್ನು ಪಣವಾಗಿಟ್ಟಂತೆಯೇ. 2016ರಲ್ಲಿ ಬಂದ ಅಂಗವಿಕಲರ ಹಕ್ಕುಗಳ ಕಾಯಿದೆ ಇಂತಹವರಿಗೆ ಅಡೆತಡೆಯಿಲ್ಲದ ದಾರಿಯನ್ನು ದಯೆಯ ವಿಷಯವಾಗಿ ಹೇಳಿಲ್ಲ, ಹಕ್ಕಿನ ವಿಷಯವಾಗಿ ಹೇಳಿದೆ. ಭಾರತೀಯ ರಸ್ತೆ ಕಾಂಗ್ರೆಸ್ಸಿನವರು 2012ರಲ್ಲಿ ಹೊರಡಿಸಿದ ಸೂತ್ರಗಳಲ್ಲಿ, ವಾಸದ ಬೀದಿಗಳಲ್ಲಿಯೂ ಕಾಲುಹಾದಿಯಲ್ಲಿ ಕನಿಷ್ಠ 1.8 ಮೀಟರು, ಎಂದರೆ ಸುಮಾರು ಆರು ಅಡಿ ಅಗಲ, ನಡೆಯುವುದಕ್ಕೆ ತೆರವಾಗಿರಬೇಕೆಂದಿದೆ. ಅಮೆರಿಕದ ಲಾಸ್ ಏಂಜಲೀಸ್ ನಗರದ ಮೇಲೆ ಅಂಗವಿಕಲರು ದಾವೆ ಹೂಡಿದರು. 2016ರಲ್ಲಿ ರಾಜಿಯಾಗಿ, ಮೂವತ್ತು ವರ್ಷಗಳ ಅವಧಿಯಲ್ಲಿ ಸುಮಾರು 140 ಕೋಟಿ ಡಾಲರುಗಳನ್ನು ಕಾಲುಹಾದಿಗಳಿಗೆ ವೆಚ್ಚ ಮಾಡಲು ಆ ನಗರ ಒಪ್ಪಬೇಕಾಯಿತು. ಅಲ್ಲಿ ಹಾದಿಗಳು ಒಡೆದುದಕ್ಕೆ ಬೇರುಗಳೇ ಒಂದು ಮುಖ್ಯ ಕಾರಣ. ಇಷ್ಟನ್ನೂ ಒಪ್ಪಿಕೊಳ್ಳಬೇಕು. ಒಪ್ಪದವರು ಮರವನ್ನು ಪ್ರೀತಿಸುವವರಾಗಿರಬಹುದು, ಮನುಷ್ಯರನ್ನು ನೋಡಿದವರಲ್ಲ.

ಆದರೆ ದುಃಖವಿದೆ ಎಂಬುದರಿಂದ ಅದರ ಕಾರಣ ಸಿದ್ಧವಾಗುವುದಿಲ್ಲ. ಕಾರಣವನ್ನು ನಿರ್ಣಯಿಸುವುದಕ್ಕೆ ಅನ್ವಯ, ವ್ಯತಿರೇಕ ಎಂಬ ಎರಡು ಪರೀಕ್ಷೆಗಳುಂಟು. ಎಲ್ಲಿ ಬೇರು ಉಂಟೋ ಅಲ್ಲೆಲ್ಲ ಹಾದಿ ಒಡೆದಿದೆಯೆ? ಇಲ್ಲ. ಬುಡದ ಸುತ್ತ ಮಣ್ಣನ್ನು ಬಿಟ್ಟು ಹಾದಿ ಹಾಸಿದ ಕಡೆ ಐವತ್ತು ವರ್ಷದ ಬೇವಿನ ನೆರಳಿನಲ್ಲಿಯೂ ಕಲ್ಲು ಮಟ್ಟವಾಗಿರುವುದನ್ನು ಕಾಣಬಹುದು. ಎಲ್ಲಿ ಬೇರು ಇಲ್ಲವೋ ಅಲ್ಲಿ ಹಾದಿ ಒಡೆದಿಲ್ಲವೆ? ಅದೂ ಇಲ್ಲ. ಒಂದೇ ಒಂದು ಗಿಡವೂ ಇಲ್ಲದ ಬೀದಿಗಳಲ್ಲಿ, ದಿಮ್ಮಿಸದ ಮಣ್ಣಿನ ಮೇಲೆ ಹಾಸಿದ ಕಲ್ಲುಗಳು ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಹಲ್ಲು ಸಡಿಲವಾದಂತೆ ಅಲುಗುತ್ತಿರುತ್ತವೆ. ಎರಡು ಪರೀಕ್ಷೆಗಳಲ್ಲಿಯೂ ಸೋತ ಹೇತುವನ್ನು ಹಿಡಿದುಕೊಂಡು ದಂಡನೆ ವಿಧಿಸುವುದು ಯಾವ ನ್ಯಾಯ?

ಬೇರಿನ ಸ್ವಭಾವವನ್ನು ಬಲ್ಲವರಿಗೆ ಇದರಲ್ಲಿ ಆಶ್ಚರ್ಯವೇನೂ ತೋರದು. ಮರದ ಬೇರು ಪಾತಾಳಕ್ಕೆ ಇಳಿಯುತ್ತದೆಂಬುದು ಜನರ ನಂಬಿಕೆ. ವಾಸ್ತವದಲ್ಲಿ ಹೆಚ್ಚು ಬೇರುಗಳು ಮೇಲಿನ ಎರಡು ಮೂರು ಅಡಿ ಮಣ್ಣಿನಲ್ಲಿಯೇ, ಕೊಂಬೆಗಳ ಹರವನ್ನು ದಾಟಿ, ಅಡ್ಡಡ್ಡಲಾಗಿ ಹಬ್ಬುತ್ತವೆ. ಬೇರಿಗೆ ನೀರು ಎಷ್ಟು ಅವಶ್ಯವೋ ಗಾಳಿಯೂ ಅಷ್ಟೇ ಅವಶ್ಯ, ಅದೂ ಉಸಿರಾಡುತ್ತದೆ. ಕಾಂಡದ ತೊಗಟೆಗೆ ತಾಗುವಂತೆ ಸಿಮೆಂಟು ಹಾಕಿ, ಸುತ್ತಲ ಮಣ್ಣನ್ನು ಉರುಳುಗಲ್ಲಿನಿಂದ ಬಿಗಿಮಾಡಿದರೆ ಆಳದಲ್ಲಿ ಗಾಳಿಯೂ ಇಲ್ಲ, ಮಳೆಯ ನೀರೂ ಇಳಿಯುವುದಿಲ್ಲ. ಆಗ ಗಾಳಿ ಸುಳಿಯುವ ಸಂದು ಒಂದೇ ಉಳಿಯುತ್ತದೆ: ಚಪ್ಪಡಿಗೂ ಮಣ್ಣಿಗೂ ನಡುವಣ ತೆಳುವಾದ ಎಡೆ. ಹಗಲು ಕಾಯ್ದ ಕಲ್ಲು ರಾತ್ರಿ ತಣಿದಾಗ ಅದರ ಅಡಿಯಲ್ಲಿ ಸ್ವಲ್ಪ ತೇವವೂ ನಿಲ್ಲುತ್ತದೆ. ಬೇರು ಅಲ್ಲಿಗೆ ಹೋಗದೆ ಇನ್ನೆಲ್ಲಿಗೆ ಹೋಗಬೇಕು? ಹೋದ ಬೇರು ವರ್ಷದಿಂದ ವರ್ಷಕ್ಕೆ ದಪ್ಪವಾಗುತ್ತದೆ. ಮೇಲಿನ ಕಲ್ಲು ಏಳುತ್ತದೆ. ಬಾಗಿಲನ್ನು ಮುಚ್ಚಿ, ಕಿಟಕಿಯನ್ನು ಜಡಿದು, ಉಸಿರಿಗಾಗಿ ಹೆಂಚು ಸರಿಸಿದವನನ್ನು ಕಳ್ಳನೆಂದು ಹಿಡಿದಂತಾಯಿತು.

ಇದನ್ನು ತಿಳಿಯುವುದಕ್ಕೆ ಹೊರದೇಶದ ತಜ್ಞರೇ ಬರಬೇಕಾಗಿಲ್ಲ. ಆರನೆಯ ಶತಮಾನದ ವರಾಹಮಿಹಿರನು ಬೃಹತ್ಸಂಹಿತೆಯಲ್ಲಿ ವೃಕ್ಷಾಯುರ್ವೇದಕ್ಕೆಂದೇ ಒಂದು ಅಧ್ಯಾಯವನ್ನು ಮೀಸಲಿಟ್ಟಿದ್ದಾನೆ. ಮರದಿಂದ ಮರಕ್ಕೆ ಇಪ್ಪತ್ತು ಹಸ್ತದ ಅಂತರ ಉತ್ತಮ, ಹದಿನಾರು ಮಧ್ಯಮ, ಹನ್ನೆರಡು ಕನಿಷ್ಠವೆಂದು ಅವನ ವಿಧಿ. ಮೊಳವೆಂದರೆ ಒಂದೂವರೆ ಅಡಿಯೆಂದು ಹಿಡಿದರೆ ಕ್ರಮವಾಗಿ ಮೂವತ್ತು, ಇಪ್ಪತ್ತನಾಲ್ಕು, ಹದಿನೆಂಟು ಅಡಿಗಳಾದುವು. ಕಾರಣವನ್ನೂ ಆತ ಹೇಳದೆ ಬಿಟ್ಟಿಲ್ಲ: ಒತ್ತೊತ್ತಾಗಿ ಬೆಳೆದ ಮರಗಳ ಬೇರುಗಳು ಒಂದರೊಳಗೊಂದು ಹೆಣೆದುಕೊಂಡು, ಪೀಡೆಗೊಳಗಾಗಿ, ಸರಿಯಾದ ಫಲವನ್ನು ಕೊಡವು. ಬೇರಿಗೆ ಪೀಡೆಯುಂಟು ಎಂಬುದು ಸಾವಿರದ ಐನೂರು ವರ್ಷಗಳ ಹಿಂದಿನ ಜ್ಯೋತಿಷಿಗೆ ತಿಳಿದಿತ್ತು. ಕನ್ನಡದಲ್ಲಿಯೇ ಬೇಕೆನ್ನುವವರಿಗೆ ಹನ್ನೊಂದನೆಯ ಶತಮಾನದ ಚಾವುಂಡರಾಯನ ಲೋಕೋಪಕಾರದಲ್ಲಿ ವೃಕ್ಷಾಯುರ್ವೇದವುಂಟು. ಈ ಗ್ರಂಥಗಳ ಎಲ್ಲ ಮಾತೂ ಇಂದಿಗೆ ಸಲ್ಲುತ್ತದೆಂದು ಯಾರೂ ವಾದಿಸುವುದಿಲ್ಲ. ಹಾಲಿನ ಲೇಪ, ತುಪ್ಪದ ಲೇಪಗಳ ವಿಷಯ ಹಾಗಿರಲಿ. ಮರವನ್ನು ನೆಡುವ ಮುನ್ನ ಅದು ಬೆಳೆದು ದೊಡ್ಡದಾದ ಮೇಲಿನ ಅಳತೆಯನ್ನು ಯೋಚಿಸಿದರೆಂಬುದು ಮಾತ್ರ ಇಲ್ಲಿ ಪ್ರಕೃತ.

ಗ್ರಂಥವನ್ನು ಓದದವರೂ ಇದನ್ನು ಬಲ್ಲವರಾಗಿದ್ದರು. ಕನ್ನಡನಾಡಿನ ಯಾವ ಹಳ್ಳಿಗೆ ಹೋದರೂ ಅರಳಿಯ ಕಟ್ಟೆಯೊಂದು ಕಣ್ಣಿಗೆ ಬೀಳುತ್ತದೆ. ಅದನ್ನು ಕಟ್ಟಿದವನು ಮೊದಲು ಮರಕ್ಕೆ ಅದರ ನೆಲವನ್ನು ಬಿಟ್ಟುಕೊಟ್ಟನು. ಸುತ್ತ ಕಲ್ಲಿನ ಮೇರೆ ಹಾಕಿದನು. ನಡುವೆ ಮಣ್ಣನ್ನು ಹಾಗೆಯೇ ಉಳಿಸಿದನು. ಪ್ರದಕ್ಷಿಣೆಯ ಹೆಂಗಸರು ಎರೆದ ನೀರು ಬೇರಿಗೆ ಇಳಿಯುತ್ತಿತ್ತು. ನಡೆಯುವವರು ಮರವನ್ನು ಬಳಸಿ ನಡೆದರು. ಕುಳಿತುಕೊಳ್ಳುವವರು ಕಟ್ಟೆಯ ಮೇಲೆ ಕುಳಿತರು. ಪಂಚಾಯಿತಿಯೂ ಅಲ್ಲಿಯೇ ನಡೆಯಿತು. ಕಲ್ಲು ಗಾರೆಯಿಲ್ಲದೆ ಕೂಡಿಸಿದ್ದಾದ್ದರಿಂದ ಬೇರು ಸ್ವಲ್ಪ ನೂಕಿದರೆ ಎರಡು ಕಲ್ಲನ್ನು ಎತ್ತಿ ಸರಿಸಿ ಇಡುತ್ತಿದ್ದರು. ಅದೇ ಕಟ್ಟೆಗಳಿಗೆ ಈಗ ಭಕ್ತಿಯ ಹೆಸರಿನಲ್ಲಿ ಬುಡದವರೆಗೂ ಸಿಮೆಂಟು ಮೆತ್ತಿ, ಮೇಲೆ ನುಣುಪಾದ ಬಣ್ಣದ ಹಾಸುಬಿಲ್ಲೆ ಅಂಟಿಸುತ್ತಿರುವುದನ್ನು ನೋಡಿದರೆ, ದೇವರ ಮರಕ್ಕೂ ಬೀದಿಯ ಮರಕ್ಕೂ ಒದಗಿದ ಗತಿ ಒಂದೇ ಎನ್ನಬೇಕಾಗಿದೆ.

ಹೊಸಪೇಟೆಯ ಜನಕ್ಕಂತೂ ಈ ವಿಷಯದಲ್ಲಿ ಪರಂಪರೆಯ ಸಾಕ್ಷ್ಯ ಮನೆಯ ಬಾಗಿಲಲ್ಲೇ ಇದೆ. ಕೃಷ್ಣದೇವರಾಯನ ಕಾಲದಲ್ಲಿ, 1520ರ ಸುಮಾರಿಗೆ, ವಿಜಯನಗರವನ್ನು ಕಂಡ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸನು, ರಾಜಧಾನಿಯಿಂದ ಹೊಸ ಪಟ್ಟಣಕ್ಕೆ ಹೋಗುವ ಅಗಲವಾದ ಬೀದಿಯನ್ನು ವರ್ಣಿಸುತ್ತ, ಎರಡು ಪಕ್ಕಗಳಲ್ಲಿಯೂ ಮನೆ ಅಂಗಡಿಗಳಿದ್ದುವೆಂದೂ, ಹೋಗಿಬರುವವರಿಗೆ ನೆರಳಾಗಲೆಂದು ಅರಸನು ಆಜ್ಞಾಪಿಸಿ ನೆಡಿಸಿದ ಬಹಳ ಮರಗಳಿದ್ದುವೆಂದೂ ಬರೆದಿಟ್ಟಿದ್ದಾನೆ. ಅನಂತಶಯನಗುಡಿಯ ದೇವಾಲಯ ನಿಂತಿರುವುದು ಆ ದಾರಿಯ ಮೇಲೆಯೇ. ಅದಕ್ಕೂ ಹಿಂದೆ ಹೋಗಬೇಕೆಂದರೆ, ಬಳ್ಳಾರಿಗೆ ಪೂರ್ವದಲ್ಲಿ, ಗುತ್ತಿಯ ಸಮೀಪದ ಎರ್ರಗುಡಿಯ ಬಂಡೆಗಳ ಮೇಲೆ ಅಶೋಕನ ಶಾಸನಗಳಿವೆ. ದಾರಿಗಳಲ್ಲಿ ಬಾವಿ ತೋಡಿಸಿ, ಮನುಷ್ಯರಿಗೂ ಪಶುಗಳಿಗೂ ಉಪಯೋಗವಾಗಲೆಂದು ಮರಗಳನ್ನು ನೆಡಿಸಿದ ಸಂಗತಿ ಅಲ್ಲಿ ಕಂಡರಿಸಿದೆ. ದಾರಿ, ನೀರು, ನೆರಳು ಈ ಮೂರನ್ನೂ ಅವರು ಒಂದೇ ಕೆಲಸವೆಂದು ಎಣಿಸಿದ್ದರು. ಈಗ ಹಾದಿ ಹಾಸುವುದು ಒಂದು ಇಲಾಖೆ, ಚರಂಡಿ ತೋಡುವುದು ಇನ್ನೊಂದು, ಮರ ನೆಡುವುದು ಮತ್ತೊಂದು, ತಂತಿಗೆ ತಾಗಿತೆಂದು ಅದರ ತಲೆ ಬೋಳಿಸುವುದು ನಾಲ್ಕನೆಯದು. ನಾಲ್ವರಲ್ಲಿ ಒಬ್ಬರ ಕೆಲಸ ಇನ್ನೊಬ್ಬರಿಗೆ ತಿಳಿಯುವುದು ಮರ ಉರುಳಿದ ಮೇಲೆ.

ಇಲ್ಲಿ ವಿದ್ಯಾವಂತ ಗೃಹಸ್ಥರ ವಿಷಯವಾಗಿಯೂ ಒಂದು ಮಾತನ್ನು ಹೇಳದೆ ತೀರದು. ಬೇರು ಎತ್ತಿದ ಚಪ್ಪಡಿಯ ಮೇಲೆ ಪುರಸಭೆಗೆ ಅರ್ಜಿ ಬರೆಯುವವರಲ್ಲಿ ಅನೇಕರ ಮನೆಯ ಮುಂದೆ ಮೋಟಾರು ಹತ್ತಿಸುವುದಕ್ಕೆಂದು ಸಿಮೆಂಟಿನ ಇಳಿಜಾರು ಇರುತ್ತದೆ. ಬೇರು ಹಾದಿಯನ್ನು ಎತ್ತಿದ್ದು ಎರಡಂಗುಲ. ಯಜಮಾನರ ಇಳಿಜಾರು ಹಾದಿಯ ಪೂರ್ತಿ ಅಗಲವನ್ನು ನುಂಗಿ ಒಂದಡಿ ಏರಿಳಿದಿರುತ್ತದೆ. ಬೀದಿಯಲ್ಲಿ ಇಪ್ಪತ್ತು ಮನೆಗಳಿದ್ದರೆ ಇಪ್ಪತ್ತು ಇಳಿಜಾರುಗಳು. ವೃದ್ಧರು ಅಲೆಯ ಮೇಲಿನ ದೋಣಿಯಂತೆ ಅದರ ಮೇಲೆ ನಡೆಯಬೇಕು. ಅಂಗಡಿಯವರ ಹಲಗೆ, ನಿಲ್ಲಿಸಿದ ದ್ವಿಚಕ್ರ ವಾಹನ, ವಿದ್ಯುತ್ತಿನ ಪೆಟ್ಟಿಗೆ, ಕೊಳವೆಗಾಗಿ ಅಗೆದು ಮುಚ್ಚದೆ ಬಿಟ್ಟ ಗುಂಡಿ, ಇವುಗಳ ಲೆಕ್ಕ ಬೇರೆ. ಇವುಗಳಲ್ಲಿ ಯಾವುದರ ಮೇಲೂ ಬಾರದ ಗರಗಸ ಮರದ ಮೇಲೆ ಮಾತ್ರ ಏಕೆ ಬರುತ್ತದೆ? ಉತ್ತರ ಸ್ಪಷ್ಟ. ಇಳಿಜಾರಿಗೆ ಯಜಮಾನರುಂಟು, ಅಂಗಡಿಗೆ ಸಂಘವುಂಟು, ವಿದ್ಯುತ್ತಿನ ಪೆಟ್ಟಿಗೆಗೆ ಇಲಾಖೆಯುಂಟು. ಮರಕ್ಕೆ ವಕಾಲತ್ತು ಹಾಕುವವರಿಲ್ಲ. ಸುಂಕದವನ ಮುಂದೆ ಸುಖದುಃಖ ಹೇಳಿಕೊಳ್ಳುವಷ್ಟು ಬಾಯಿಯೂ ಅದಕ್ಕಿಲ್ಲ.

ಬೇರಿನ ನೆಪದಿಂದ ಊರೊಂದು ತನ್ನ ಮರಗಳನ್ನು ಕಡಿಯಹೊರಟು ಅಪಕೀರ್ತಿಗೆ ಗುರಿಯಾದ ದೃಷ್ಟಾಂತ ಇಂಗ್ಲೆಂಡಿನ ಷೆಫೀಲ್ಡ್ ನಗರದ್ದು. ಉಕ್ಕಿನ ಕಾರ್ಖಾನೆಗಳಿಂದ ಹೆಸರಾದ ಊರು; ಅದಿರಿನ ಸೀಮೆಯವರು ಅದರ ಕಥೆಯನ್ನು ಅರಿತಿರುವುದು ಉಚಿತ. ಅಲ್ಲಿನ ನಗರಸಭೆ 2012ರಲ್ಲಿ ಬೀದಿಗಳ ದುರಸ್ತಿಯನ್ನು ಇಪ್ಪತ್ತೈದು ವರ್ಷಗಳ ಅವಧಿಗೆ ಒಂದು ಕಂಪೆನಿಗೆ ಗುತ್ತಿಗೆ ಕೊಟ್ಟಿತು. ಊರಿನ ಬೀದಿಮರಗಳು ಸುಮಾರು 36,000. ಅವುಗಳಲ್ಲಿ 17,500ನ್ನು ತೆಗೆದು ಹೊಸ ಸಸಿ ಇಡುವ ಸಂಖ್ಯೆ ಒಪ್ಪಂದದಲ್ಲಿಯೇ ಸೇರಿಹೋಗಿತ್ತು. ಮರವನ್ನು ತೆಗೆಯಲು ಆರು ಕಾರಣಗಳನ್ನು ಹೇಳಿದರು: ಅಪಾಯದ್ದು, ಸತ್ತದ್ದು, ಸಾಯುತ್ತಿರುವುದು, ರೋಗ ಹಿಡಿದದ್ದು, ಹಾದಿಯನ್ನು ಕೆಡಿಸುವುದು, ಅಂಗವಿಕಲರಿಗೆ ಅಡ್ಡಿಯಾಗುವುದು. ಮೊದಲಿನ ನಾಲ್ಕಕ್ಕೆ ಯಾರ ಆಕ್ಷೇಪವೂ ಇಲ್ಲ. ಕಡೆಯ ಎರಡರ ಹೆಸರಿನಲ್ಲಿ ಆರೋಗ್ಯವಾದ ಮರಗಳು ಸಾವಿರಗಟ್ಟಲೆಯಾಗಿ ಉರುಳಿದುವು. ಕಲ್ಲನ್ನು ಸರಿಸಿ, ಅಂಚುಗಲ್ಲನ್ನು ತೆಳುವಾಗಿಸಿ, ಹಾದಿಯನ್ನು ಮೆಲ್ಲನೆ ಏರಿಸಿ ಮರವನ್ನು ಉಳಿಸುವ ಉಪಾಯಗಳ ಪಟ್ಟಿ ಅಧಿಕಾರಿಗಳ ಬಳಿಯೇ ಇದ್ದಿತು, ಬಳಸಿದ್ದು ವಿರಳ. 2016ರ ನವೆಂಬರ್ 17ರಂದು, ಬೆಳಕು ಹರಿಯುವ ಮೊದಲೇ, ಪೋಲೀಸರ ಕಾವಲಿನಲ್ಲಿ ರಸ್ಲಿಂಗ್ಸ್ ರೋಡಿನ ಮರಗಳನ್ನು ಕಡಿದರು. ಅಡ್ಡ ನಿಂತ ಎಪ್ಪತ್ತರ ವಯಸ್ಸಿನ ಹೆಂಗಸರನ್ನು ದಸ್ತಗಿರಿ ಮಾಡಿದರು. ಯಾರು ಎಡವಿ ಬಿದ್ದಾರೆಂದು ಮರಗಳನ್ನು ಕಡಿಯುತ್ತಿದ್ದರೋ ಅಂತಹ ವೃದ್ಧರನ್ನೇ ಠಾಣೆಗೆ ಕರೆದೊಯ್ದುದು ಆ ಪ್ರಕರಣದ ವಿಶೇಷ. 2018ರಲ್ಲಿ ಕಡಿತ ನಿಂತಿತು. ಸ್ವತಂತ್ರ ವಿಚಾರಣೆಯ ವರದಿ 2023ರ ಮಾರ್ಚಿಯಲ್ಲಿ ಹೊರಬಿತ್ತು. ಅದೇ ವರ್ಷ ನಗರಸಭೆ ಪ್ರಜೆಗಳ ಕ್ಷಮೆ ಬೇಡಿತು. ಕಡಿದುಹಾಕಬೇಕೆಂದು ಗುರುತು ಮಾಡಿದ್ದ ಮರಗಳಲ್ಲಿ ಬಹಳಷ್ಟು, ಹಾದಿಯನ್ನು ಸ್ವಲ್ಪ ತಿದ್ದಿದ ಮಾತ್ರಕ್ಕೆ, ಈಗಲೂ ಅಲ್ಲಿ ನಿಂತಿವೆ.

ಮರವನ್ನು ಕಡಿಯುವುದಿಲ್ಲ, ಬೇರನ್ನು ಮಾತ್ರ ಕತ್ತರಿಸುತ್ತೇವೆಂಬ ಮಧ್ಯಮಮಾರ್ಗದವರೂ ಉಂಟು. ಕೇಳುವುದಕ್ಕೆ ಇದು ಸೌಮ್ಯವಾಗಿದೆ. ಮಾಡುವ ರೀತಿಯಲ್ಲಿ ಇದು ಕಡಿಯುವುದಕ್ಕಿಂತ ಕ್ರೂರ. ಚರಂಡಿ ತೋಡುವ ಜೆಸಿಬಿ ಯಂತ್ರ ಬೇರನ್ನು ಕತ್ತರಿಸುವುದಿಲ್ಲ, ಹರಿಯುತ್ತದೆ. ಹರಿದ ಬಾಯಿ ಕೊಳೆಯುತ್ತದೆ. ದಪ್ಪ ಬೇರುಗಳು ಆಹಾರದ ನಾಳಗಳಷ್ಟೇ ಆಗಿರದೆ ಮರವನ್ನು ನೆಲಕ್ಕೆ ಕಟ್ಟಿದ ಹಗ್ಗಗಳೂ ಆಗಿವೆ. ಒಂದು ಮಗ್ಗುಲಿನ ಹಗ್ಗವನ್ನು ಕೊಯ್ದ ಗುಡಾರ ಮೊದಲನೆಯ ಗಾಳಿಗೆ ಎತ್ತ ಬೀಳುವುದೆಂಬುದನ್ನು ಹೇಳಬೇಕಾಗಿಲ್ಲ. 2024ರ ಜೂನ್ 2ರಂದು ಬೆಂಗಳೂರಿನಲ್ಲಿ ಒಂದೇ ದಿನ 111.1 ಮಿಲಿಮೀಟರು ಮಳೆ ಸುರಿದು ನೂರಾರು ಮರಗಳು ಉರುಳಿದುವು. ಬಿದ್ದುವೆಲ್ಲ ಬೇರು ಕಡಿಸಿಕೊಂಡುವೆಂದು ಹೇಳಲಾಗದು. ಮುಪ್ಪೂ ಇತ್ತು, ಗಾಳಿಯೂ ಇತ್ತು. ಆದರೆ ವರ್ಷವರ್ಷವೂ ಮುಂಗಾರಿನ ಮೊದಲ ಗಾಳಿಗೆ ಮರ ಬಿದ್ದಾಗ, ಅದರ ಬುಡದ ಪಕ್ಕದಲ್ಲಿ ಹೊಸ ಚರಂಡಿಯೋ ಹೊಸ ಹಾದಿಯೋ ಕಾಣಿಸುವುದನ್ನು ನಗರವಾಸಿಗಳು ಕಣ್ಣಾರೆ ನೋಡುತ್ತಿದ್ದಾರೆ. ಮರುದಿನದ ಪಂಚನಾಮೆಯಲ್ಲಿ ಮರ ಅಪಾಯಕಾರಿಯೆಂದು ಬರೆಯುತ್ತಾರೆ. ಅಪಾಯಕಾರಿಯನ್ನಾಗಿ ಮಾಡಿದವರ ಹೆಸರಿಗೆ ಆ ಕಾಗದದಲ್ಲಿ ಸ್ಥಳವಿಲ್ಲ.

ಸಂಡೂರಿನವರು ಮರದ ಬೆಲೆಯನ್ನು ಅರಿಯದವರಲ್ಲ. ದೇವದಾರಿ ಗುಡ್ಡದಲ್ಲಿ ಕುದುರೆಮುಖ ಕಂಪೆನಿಯ ಗಣಿಗಾಗಿ 99,330 ಮರಗಳು ಹೋಗುವುವೆಂಬ ಸುದ್ದಿ 2024ರ ಜೂನಿನಲ್ಲಿ ಹಬ್ಬಿದಾಗ ನಾಡಿನಲ್ಲೆಲ್ಲ ಪ್ರತಿಭಟನೆಯ ಧ್ವನಿ ಎದ್ದಿತು. ಭೂಮಿಯನ್ನು ಹಸ್ತಾಂತರಿಸಬಾರದೆಂದು ರಾಜ್ಯದ ಅರಣ್ಯ ಸಚಿವರೂ ಸೂಚಿಸಿದರು. ಆ ಉದ್ವೇಗ ಯೋಗ್ಯವಾದುದೇ. ಆದರೆ ಗುಡ್ಡದ ಮೇಲಿನ ಲಕ್ಷ ಮರಗಳಿಗಾಗಿ ಮರುಗುವ ಗೃಹಸ್ಥರು, ತಮ್ಮ ಮನೆಯ ಮುಂದಿನ ಒಂದು ಬೇವು ಎಲೆ ಉದುರಿಸಿ ಅಂಗಳ ಕೆಡಿಸುತ್ತದೆ, ಬೇರು ಬಿಟ್ಟು ಮೆಟ್ಟಿಲು ಬಿರಿಸುತ್ತದೆ ಎಂದು ಬುಡಕ್ಕೆ ಬಿಸಿನೀರು ಸುರಿಯುವುದೂ ಉಂಟು. ಗುಡ್ಡದ ಮರ ಕಡಿಯುವವನು ಪರಕೀಯ, ಮನೆಯ ಮುಂದಿನದನ್ನು ಕೊಲ್ಲುವವರು ತಾವು; ಇದಕ್ಕಿಂತ ಬೇರೆ ಭೇದ ಕಾಣದು. ಬಳ್ಳಾರಿ ಸೀಮೆಯ ಬೇಸಗೆ ನಾಲ್ವತ್ತು ಡಿಗ್ರಿಯನ್ನು ದಾಟುವಂಥದು. ಮಧ್ಯಾಹ್ನದಲ್ಲಿ ಪಡಿತರದ ಅಂಗಡಿಗೆ ನಡೆದುಹೋಗುವ ಬಡವರಿಗೆ ದೇವದಾರಿಯ ನೆರಳು ಒದಗುವುದಿಲ್ಲ. ಒದಗುವುದು ಬೀದಿಯ ಬೇವಿನದೇ. ನೆರಳಿಲ್ಲದ ಸಮವಾದ ಹಾದಿ ಏಪ್ರಿಲ್ ತಿಂಗಳಲ್ಲಿ ಯಾವ ಪಾದಚಾರಿಗೂ ಉಪಯೋಗವಲ್ಲ.

ಇಷ್ಟು ಹೇಳಿದ ಮೇಲೆ ಮರದ ಪಕ್ಷದವರನ್ನೂ ಬಿಡುವಂತಿಲ್ಲ. ವನಮಹೋತ್ಸವದ ದಿನ ಒಂದಡಿ ಗುಂಡಿಯಲ್ಲಿ, ವಿದ್ಯುತ್ತಂತಿಯ ಕೆಳಗೆ, ಗೋಡೆಯಿಂದ ಗೇಣು ದೂರದಲ್ಲಿ ಅರಳಿಯ ಸಸಿಯನ್ನಿಟ್ಟು ಛಾಯಾಚಿತ್ರ ತೆಗೆಸಿಕೊಳ್ಳುವವರು, ಇಪ್ಪತ್ತು ವರ್ಷದ ಅನಂತರ ನಡೆಯಲಿರುವ ಕೊಲೆಗೆ ಅಂದೇ ಮುಹೂರ್ತವಿಡುತ್ತಾರೆ. ಆಲ, ಅರಳಿ, ಬಸರಿ, ಗೋಣಿಗಳು ಮಹಾವೃಕ್ಷಗಳು. ಅವಕ್ಕೆ ಕೆರೆಯ ಏರಿ, ಊರ ಹೊರಗಿನ ರಸ್ತೆ, ದೇವಸ್ಥಾನದ ಬಯಲು ಬೇಕು. ಹುಲಿಕಲ್ಲಿನಿಂದ ಕುದೂರಿನ ದಾರಿಯಲ್ಲಿ ಆಲದ ಸಾಲನ್ನು ಬೆಳೆಸಿ, 2019ರಲ್ಲಿ ಪದ್ಮಶ್ರೀ ಪಡೆದು, 2025ರ ನವೆಂಬರಿನಲ್ಲಿ ತೀರಿಕೊಂಡ ಸಾಲುಮರದ ತಿಮ್ಮಕ್ಕನವರು ನೆಟ್ಟದ್ದು ಬಯಲಿನ ದಾರಿಯಲ್ಲಿ, ಓಣಿಯಲ್ಲಿ ಅಲ್ಲ. ಕೊಡದಲ್ಲಿ ಹೊತ್ತು ನೀರೆರೆದ ಆ ತಾಯಿಗೆ ತಿಳಿದಿದ್ದ ಔಚಿತ್ಯ, ಸಸಿಗಳ ಸಂಖ್ಯೆಯನ್ನು ವರದಿಯಲ್ಲಿ ತುಂಬುವವರಿಗೆ ತಿಳಿಯದಾಗಿದೆ. ಬೆಂಗಳೂರಿನ ಲಾಲ್‌ಬಾಗಿಗೆ 1908ರಲ್ಲಿ ಬಂದ ಜರ್ಮನಿಯ ಕ್ರುಂಬಿಗಲ್ ಅವರು ಒಂದು ಜಾತಿ ಹೂ ಮುಗಿಸಿದಾಗ ಇನ್ನೊಂದು ಅರಳುವಂತೆ ಬೀದಿಮರಗಳನ್ನು ಯೋಜಿಸಿದರೆಂದು ಎಲ್ಲರೂ ಹೊಗಳುತ್ತಾರೆ. ಹೊಗಳಿಕೆಗಿಂತ ಅನುಕರಿಸಬೇಕಾದುದು, ಬೀದಿಗೆ ತಕ್ಕ ಮರವನ್ನು ಆರಿಸುವ ಆ ಪದ್ಧತಿ. ಮಡಗಾಸ್ಕರಿನಿಂದ ಬಂದ ಗುಲ್‌ಮೊಹರು ನೋಡಲು ಚೆಂದ. ಅದರ ಬೇರು ಮೇಲುಮೇಲೆಯೇ ಹಬ್ಬುವಂಥದು, ಇಕ್ಕಟ್ಟಾದ ಹಾದಿಗೆ ಸಲ್ಲದು. ಬೇಗ ಹಸಿರಾಗುತ್ತದೆಂದು ಊರೂರಿಗೆ ತಂದ ಕೋನೋಕಾರ್ಪಸ್ ಗಿಡವನ್ನು ನೆಡಬಾರದೆಂದು ಗುಜರಾತಿನ ಸರಕಾರ 2023ರಲ್ಲಿ ನಿಷೇಧಿಸಬೇಕಾಯಿತು. ಪರಾಗದಿಂದಾಗುವ ತೊಂದರೆಯೊಡನೆ ಬೇರಿನ ಹಾವಳಿಯೂ ಅದಕ್ಕೆ ಕಾರಣ. ಬರಡುನೆಲಕ್ಕೆ ಒಗ್ಗಿದ ಹೊಂಗೆ, ಬೇವುಗಳಿರುವಾಗ ಈ ಪರದೇಶಿಯ ಮೋಹ ಏತಕ್ಕೋ.

ಮರವನ್ನು ಎಂದಿಗೂ ತೆಗೆಯಬಾರದೆಂಬುದೂ ಹಟವೇ. ಒಳಗೆ ಪೊಳ್ಳಾಗಿ, ಶಾಲೆಯ ಮೇಲೆ ವಾಲಿದ ಮರವನ್ನು ತೆಗೆಯಲೇಬೇಕು. ಹಾದಿಯನ್ನು ಬೇರೆ ಯಾವ ಬಗೆಯಿಂದಲೂ ಆರು ಅಡಿ ತೆರವು ಮಾಡಲಾಗದೆ ಅಂಗವಿಕಲರ ದಾರಿ ಪೂರ್ತಿಯಾಗಿ ಕಟ್ಟಿಹೋಗುವಲ್ಲಿ ಮನುಷ್ಯನೇ ಮೊದಲು. ಆದರೆ ಆ ನಿರ್ಣಯ ಕಡೆಯದಾಗಬೇಕು, ಮೊದಲನೆಯದಾಗಬಾರದು. ಮೊದಲು ಮಾಡಬಹುದಾದ ಕೆಲಸಗಳು ದುಬಾರಿಯೂ ಅಲ್ಲ, ಗೂಢವೂ ಅಲ್ಲ. ದೆಹಲಿಯ ಮರಗಳ ವಿಷಯದಲ್ಲಿ ರಾಷ್ಟ್ರೀಯ ಹಸಿರು ನ್ಯಾಯಾಧಿಕರಣ 2013ರ ಏಪ್ರಿಲಿನಲ್ಲಿಯೇ ಬುಡದ ಸುತ್ತ ಒಂದು ಮೀಟರಿನೊಳಗಿನ ಕಾಂಕ್ರೀಟನ್ನು ತೆಗೆಯಬೇಕೆಂದು ಆಜ್ಞಾಪಿಸಿತು. ಒಂದು ಮೀಟರು ಹೆಚ್ಚೇನಲ್ಲ. ಹಳೆಯ ಕಟ್ಟೆಗಳು ಇದಕ್ಕಿಂತ ಉದಾರವಾಗಿದ್ದುವು. ಅಷ್ಟಾದರೂ ಮಣ್ಣು ತೆರೆದರೆ ನೀರು ಇಳಿಯುತ್ತದೆ, ಬೇರು ಮೇಲಕ್ಕೆ ಬರುವ ಹಂಗು ತಗ್ಗುತ್ತದೆ. ಅದರಾಚೆಗೆ ಹಾದಿಯನ್ನು ಸಿಮೆಂಟಿನ ಒಂದೇ ಹಾಳೆಯಾಗಿ ಎರಕ ಹೊಯ್ಯದೆ, ಮರಳಿನ ಮೇಲೆ ಬಿಡಿಕಲ್ಲುಗಳನ್ನು ಕೂಡಿಸಿದರೆ, ಎದ್ದ ಕಡೆ ಹತ್ತು ಕಲ್ಲುಗಳನ್ನು ಕಿತ್ತು, ಮಟ್ಟ ಸರಿಪಡಿಸಿ, ಮಧ್ಯಾಹ್ನದೊಳಗೆ ಮರಳಿ ಇಡಬಹುದು. ಬೇರು ದಪ್ಪವಾಗಿದ್ದರೆ ಅದರ ಮೇಲೆ ಜಲ್ಲಿಯ ಹಾಸು ಹಾಕಿ ಹಾದಿಯನ್ನು ಹತ್ತು ಹನ್ನೆರಡು ಅಡಿಗಳ ಉದ್ದಕ್ಕೆ ಮೆಲ್ಲನೆ ಏರಿಸಿ ಇಳಿಸಬಹುದು. ಗಾಲಿಕುರ್ಚಿಗೆ ಮೆಟ್ಟಿಲು ಅಡ್ಡಿ, ಸಣ್ಣ ಇಳಿಜಾರು ಅಡ್ಡಿಯಲ್ಲ. ಅಗಲವಿದ್ದಲ್ಲಿ ಹಾದಿಯೇ ಮರವನ್ನು ಬಳಸಿ ಹೋಗಲಿ. ವಾಹನಗಳಿಗೆ ಬಿಟ್ಟ ಮೂವತ್ತು ಅಡಿಯಲ್ಲಿ ಮೂರು ಅಡಿಯನ್ನು ನಡೆಯುವವರಿಗಾಗಿ ಕೇಳುವುದು ಮಹಾಪರಾಧವೆ? ಬೇರನ್ನು ಕತ್ತರಿಸದೆ ಗತಿಯಿಲ್ಲವೆಂದಾದರೆ, ಕಾಂಡದ ವ್ಯಾಸದ ಮೂರು ಪಟ್ಟಿಗಿಂತ ಹತ್ತಿರದಲ್ಲಿ ಕತ್ತರಿಸದೆ, ಒಂದೇ ಸಲ ಎರಡು ಮಗ್ಗುಲನ್ನೂ ಮುಟ್ಟದೆ, ಹರಿತವಾದ ಗರಗಸದಿಂದ, ಬಲ್ಲವರ ಕಣ್ಣೆದುರಿಗೆ ಮಾಡಲಿ. ಶಸ್ತ್ರವೈದ್ಯ ಮಾಡಬೇಕಾದುದನ್ನು ಜೆಸಿಬಿಯವನಿಗೆ ಒಪ್ಪಿಸುವುದು ಬೇಡ.

ಕಾನೂನು ಇಲ್ಲವೆಂದೂ ಹೇಳುವಂತಿಲ್ಲ. ಕರ್ನಾಟಕದ ವೃಕ್ಷ ಸಂರಕ್ಷಣಾ ಕಾಯಿದೆ 1976ರಷ್ಟು ಹಳೆಯದು. ಮರ ಕಡಿಯುವುದೆಂಬ ಮಾತಿಗೆ ಆ ಕಾಯಿದೆ ಕೊಡುವ ಅರ್ಥ ಕಾಂಡವನ್ನು ತುಂಡರಿಸುವುದಕ್ಕೆ ಮುಗಿಯುವುದಿಲ್ಲ. ತೊಗಟೆ ಸುಲಿಯುವುದು, ಕೊಂಬೆ ಸವರುವುದು, ಸುಡುವುದು, ಇನ್ನಾವ ರೀತಿಯಿಂದಲಾದರೂ ಹಾನಿಪಡಿಸುವುದು ಎಲ್ಲವೂ ಅದರೊಳಗೆ ಬರುತ್ತದೆ. ಬುಡಕ್ಕೆ ಸಿಮೆಂಟು ಸುರಿದು ಉಸಿರು ಕಟ್ಟಿಸುವುದು ಹಾನಿಯಲ್ಲವೆಂದು ಯಾವ ಪಂಡಿತರು ವ್ಯಾಖ್ಯಾನ ಮಾಡುವರೋ ನೋಡಬೇಕು. ಕೌಟಿಲ್ಯನ ಅರ್ಥಶಾಸ್ತ್ರದ ಮೂರನೆಯ ಅಧಿಕರಣದಲ್ಲಿ ಪಟ್ಟಣದ ಉಪವನಗಳ ಹೂ, ಹಣ್ಣು, ನೆರಳಿನ ಮರಗಳಿಗೆ ಕೇಡು ಮಾಡಿದವರಿಗೆ ಚಿಗುರಿಗೆ ಆರು ಪಣ, ಸಣ್ಣ ಕೊಂಬೆಗೆ ಹನ್ನೆರಡು, ದಪ್ಪ ಕೊಂಬೆಗೆ ಇಪ್ಪತ್ತನಾಲ್ಕು, ಕಾಂಡಕ್ಕೆ ಪ್ರಥಮ ಸಾಹಸದಂಡ, ಬೇರುಸಹಿತ ಕಿತ್ತವನಿಗೆ ಮಧ್ಯಮ ಸಾಹಸದಂಡ ಎಂದು ಮೆಟ್ಟಿಲುಮೆಟ್ಟಿಲಾಗಿ ವಿಧಿಸಿದೆ. ನೆರಳನ್ನು ಕೊಡುವುದೂ ಒಂದು ಫಲವೆಂದು ಅದರಲ್ಲಿ ಎಣಿಸಿರುವುದನ್ನು ಗಮನಿಸಬೇಕು. ಈಗಿನ ಕಾಯಿದೆ ಮುಗ್ಧರ ಕೈಯಲ್ಲಿ ಅರ್ಜಿಯ ನಮೂನೆಯಾಗಿಯೂ, ಬಲ್ಲವರ ಕೈಯಲ್ಲಿ ಅಪ್ಪಣೆಯ ಚೀಟಿಯಾಗಿಯೂ ಉಳಿದಿದೆ. ಅಪಾಯಕಾರಿ ಎಂಬ ಒಂದು ಪದವನ್ನು ಬರೆದರೆ ಸಾಕು. ಯಾವ ಬೇರಿನಿಂದ ಎಷ್ಟು ಅಂಗುಲ ಎದ್ದಿತು, ಬೇರೇನು ಉಪಾಯ ಮಾಡಿ ನೋಡಿದರು ಎಂದು ಕೇಳುವವರಿಲ್ಲ. ಆ ಎರಡು ಪ್ರಶ್ನೆಗಳಿಗೆ ಉತ್ತರವಿಲ್ಲದ ಅರ್ಜಿಯನ್ನು ಹಿಂದಿರುಗಿಸುವುದೆಂದು ಗೊತ್ತುಮಾಡಿಕೊಂಡರೆ ಅರ್ಧಕ್ಕರ್ಧ ಗರಗಸಗಳು ತುಕ್ಕು ಹಿಡಿಯುವುವು.

ಯಶವಂತನಗರದಲ್ಲಾಗಲಿ ಸಂಡೂರಿನಲ್ಲಾಗಲಿ ಕಂಪ್ಲಿಯಲ್ಲಾಗಲಿ ಬೀದಿಗೆ ಕಲ್ಲು ಹಾಸುವ ಕೆಲಸ ಮೊದಲಾಗುವುದು ಗುದ್ದಲಿಯಿಂದಲ್ಲ, ಅಂದಾಜುಪಟ್ಟಿಯಿಂದ. ಆ ಪಟ್ಟಿಯಲ್ಲಿ ಮರಳಿಗೆ ಒಂದು ಸಾಲು, ಜಲ್ಲಿಗೆ ಒಂದು, ಸಿಮೆಂಟಿಗೆ ಒಂದು, ಅಂಚುಗಲ್ಲಿಗೆ ಒಂದು, ಉದ್ಘಾಟನೆಯ ಫಲಕಕ್ಕೂ ಒಂದು ಸಾಲು ಇರುತ್ತದೆ. ಬೀದಿಯಲ್ಲಿ ಮೊದಲಿನಿಂದ ನಿಂತಿರುವ ಮರಗಳ ಹೆಸರು ಎಲ್ಲಿಯೂ ಇರುವುದಿಲ್ಲ. ಆದುದರಿಂದ ಕಂಟ್ರಾಕ್ಟರನ ಆಳು ಬುಡದವರೆಗೂ ಕಾಂಕ್ರೀಟು ಸುರಿದು ಚದರ ಅಡಿಯ ಲೆಕ್ಕದಲ್ಲಿ ಹಣ ಪಡೆಯುತ್ತಾನೆ. ಮಣ್ಣನ್ನು ಬಿಟ್ಟರೆ ಅವನಿಗೆ ನಷ್ಟ. ಇನ್ನು ಮುಂದೆ ಹೊರಡುವ ಪ್ರತಿಯೊಂದು ಅಂದಾಜುಪಟ್ಟಿಯಲ್ಲಿ ಬೀದಿಯ ಮರಗಳ ಸಂಖ್ಯೆ, ಜಾತಿ, ಕಾಂಡದ ಸುತ್ತಳತೆಗಳನ್ನು ಬರೆದು, ಪ್ರತಿ ಬುಡಕ್ಕೆ ಬಿಡತಕ್ಕ ಮಣ್ಣಿನ ಅಳತೆಯನ್ನು ನಮೂದಿಸಿ, ಅಷ್ಟು ಜಾಗಕ್ಕೆ ಕಾಂಕ್ರೀಟಿನ ದರದಲ್ಲಿಯೇ ಅವನಿಗೆ ಹಣ ಕೊಡಲಿ. ಆ ಸಾಲಿನ ಎದುರಿಗೆ ಇಂಜನಿಯರರ ರುಜುವೂ, ಅರಣ್ಯ ಇಲಾಖೆಯವರ ರುಜುವೂ ಬೀಳಲಿ. ಬೀದಿಯ ನಿವಾಸಿಗಳು ಆ ಪಟ್ಟಿಯ ನಕಲನ್ನು ಕೇಳಿ ಪಡೆದು, ಕೆಲಸ ನಡೆಯುವ ದಿನ ಅಳತೆಯ ಪಟ್ಟಿ ಹಿಡಿದು ಬಾಗಿಲ ಮುಂದೆ ನಿಲ್ಲಲಿ. ನಿಲ್ಲುವ ಮುನ್ನ ತಮ್ಮ ಬಾಗಿಲಿನ ಇಳಿಜಾರನ್ನು ಎಷ್ಟು ಒಳಕ್ಕೆ ಸರಿಸಬೇಕೆಂಬುದನ್ನೂ ಅದೇ ಪಟ್ಟಿಯಿಂದ ಅಳೆದುಕೊಳ್ಳಲಿ.